ಸುಮ್ಮನೆ ನಿಂತವನ ಸಂಬಳ

ಕುಶಾಲಪ್ಪನ ಸೀಟಿ ಎರಡು ಸಲ ಕೇಳಿತು. ಹಳಿಯ ನಡುವೆ ಬಗ್ಗಿ ಜಲ್ಲಿ ಬಡಿಯುತ್ತಿದ್ದ ಏಳು ಮಂದಿ ಹಾರೆ ಎತ್ತಿಕೊಂಡು ಪಕ್ಕಕ್ಕೆ ಸರಿದರು. ಎಂಟನೆಯವನಾದ ಇರ್ಷಾದ್ ಮಾತ್ರ ಬಗ್ಗಿಯೇ ಇದ್ದ. ಹೊಸಬ, ಕೆಲಸಕ್ಕೆ ಸೇರಿ ಹನ್ನೆರಡು ದಿನವಾಗಿತ್ತಷ್ಟೆ. ಬೆಳಿಗ್ಗೆಯಿಂದ ಅವನ ತಲೆಯೊಳಗೆ ಮೂವತ್ತು ರೂಪಾಯಿ ಕುಳಿತಿತ್ತು, ಬೇರೆ ಯಾವ ಸದ್ದಿಗೂ ಅಲ್ಲಿ ಜಾಗವಿರಲಿಲ್ಲ. ಮೂರನೇ ಸಲ ಸೀಟಿ ಒಂದೇ ಉಸಿರಿಗೆ ಉದ್ದಕ್ಕೆ ಕೂಗಿತು. ತಲೆ ಎತ್ತಿ ನೋಡಿದರೆ, ದೂರದ ತಿರುವಿನಲ್ಲಿ ನಿಂತಿರಬೇಕಾದ ಮುದುಕ ಕುಶಾಲಪ್ಪ ಕೆಂಪು ಬಾವುಟ ಬೀಸುತ್ತಾ ಇವನ ಕಡೆಗೇ ಓಡಿ ಬರುತ್ತಿದ್ದಾನೆ, ಅವನ ಹಿಂದೆ ಗುಡ್ಡದ ಮರೆಯಿಂದ ಗೂಡ್ಸ್ ರೈಲಿನ ಮುಖ ಹೊರಬಿದ್ದಿದೆ. ಇರ್ಷಾದ್ ಹಾರಿದ. ಬೆವರೊರೆಸಲು ಹೆಗಲ ಮೇಲೆ ಹಾಕಿಕೊಂಡಿದ್ದ ಬೈರಾಸು ಹಳಿಯ ಮೇಲೆ ಬಿತ್ತು. ರೈಲು ಹೋದ ಮೇಲೆ ನೋಡಿದರೆ ಅದು ಎರಡು ತುಂಡಾಗಿತ್ತು.

"ಕಿವಿ ಮನೆಯಲ್ಲಿ ಬಿಟ್ಟು ಬಂದದ್ದಾ?" ಎಂದು ಕುಶಾಲಪ್ಪ ಏದುಸಿರು ಬಿಡುತ್ತಾ ಕೇಳಿದ. ಅಂಗಿಯ ಕಾಲರಿಗೆ ಹಿಂದಿನಿಂದ ಸಿಕ್ಕಿಸಿಕೊಂಡ ಕೊಡೆ ಇನ್ನೂ ತೂಗಾಡುತ್ತಿತ್ತು. ಉಳಿದವರು ನಕ್ಕರು. ಇರ್ಷಾದನಿಗೆ ಮುದುಕನ ಮೇಲೆ ಸಿಟ್ಟೇ ಬಂತು. ನಾಚಿಕೆಯಾದಾಗ ಸಿಟ್ಟು ಬರುವುದು ಮನುಷ್ಯನ ಸ್ವಭಾವ. ಇಡೀ ದಿನ ಹಾರೆ ಮುಟ್ಟದೆ, ಬಾವುಟ ಹಿಡಿದು ದಾರಿ ನೋಡುತ್ತಾ ನಿಲ್ಲುವವನಿಗೂ ದಿನಗೂಲಿ ನೂರಿಪ್ಪತ್ತು, ಅಂಗೈ ಬೊಬ್ಬೆ ಒಡೆದವನಿಗೂ ನೂರಿಪ್ಪತ್ತು. ಆಚೆ ತುದಿಯಲ್ಲಿ ಇನ್ನೊಬ್ಬ ಇಂಥವನೇ ನಿಂತಿದ್ದ. ಇದ್ಯಾವ ನ್ಯಾಯ ಎಂದು ಅವನು ಬಾಯಿಬಿಟ್ಟು ಕೇಳಲಿಲ್ಲ, ಅಷ್ಟೆ.

ಅವನ ಅವಸರಕ್ಕೂ ಕಾರಣವಿತ್ತು. ಹೆಂಡತಿ ಆಫ್ರಾಳಿಗೆ ಏಳು ತಿಂಗಳು. ಅವಳ ಅಣ್ಣ ಫಾಝಿಲ್ ಸೌದಿಯ ದಮ್ಮಾಮಿನಿಂದ ವೀಸಾ ಕಳಿಸಲು ತಯಾರಾಗಿ ಕುಳಿತಿದ್ದ. ಮಗುವಿನ ಮುಖ ನೋಡದೆ ಹೋಗಲಾರೆನೆಂದು ಇರ್ಷಾದ್ ಹಟ ಹಿಡಿದಿದ್ದ. ಕೊನೆಗೆ ಬಾವ ಒಂದು ಮಾತಿಗೆ ಬಂದಿದ್ದ: ಊರಲ್ಲೇ ತಿಂಗಳಿಗೆ ಮೂರೂವರೆ ಸಾವಿರ ದುಡಿದರೆ ಇರು, ಇಲ್ಲವಾದರೆ ವಿಮಾನ ಹತ್ತು. ಈ ಶುಕ್ರವಾರ ಉತ್ತರ ಹೇಳಬೇಕು. ಇಪ್ಪತ್ತೈದು ದಿನ ನೂರಿಪ್ಪತ್ತರಂತೆ ಲೆಕ್ಕ ಹಾಕಿದರೆ ಮೂರು ಸಾವಿರ. ಹಳಿ ಕೆಲಸಕ್ಕೆ ಆಳು ಕಳಿಸುವ ಇನ್ನೊಂದು ಏಜೆನ್ಸಿಯ ಹನೀಫಾ ಹೇಳಿದ್ದು ನೂರೈವತ್ತು.

ಶುಕ್ರವಾರ ಸಂಜೆ ಬಿ.ಸಿ.ರೋಡಿನ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಹನೀಫಾ ಫಾರಂ ಹರಡಿಕೊಂಡು ಕಾಯುತ್ತಿದ್ದ. ಚಹಾ ಹೇಳಿದ, ಪೆನ್ನಿನ ಮುಚ್ಚಳ ತೆಗೆದುಕೊಟ್ಟ. ಜೀಪು ನಾಳೆ ಏಳಕ್ಕೆ ಇಲ್ಲಿಂದಲೇ ಹೊರಡುತ್ತದೆ, ಕೆಲಸ ಅದೇ ಹಳಿ, ಅದೇ ಜಲ್ಲಿ, ಎರಡು ಸ್ಟೇಷನ್ ಆಚೆ ಎಂದ. ಇರ್ಷಾದ್ ಹೆಸರು ಬರೆದ. ಊರು ಬರೆದ. ಸಹಿ ಹಾಕುವ ಮೊದಲು, ಗ್ಯಾಂಗಿನಲ್ಲಿ ಎಷ್ಟು ಜನ ಎಂದು ಸುಮ್ಮನೆ ಮಾತಿಗೆ ಕೇಳಿದ.

"ಎಂಟು. ಎಂಟೂ ಜನ ಹಾರೆ ಹಿಡಿಯುವವರೇ. ನಮ್ಮಲ್ಲಿ ಸುಮ್ಮನೆ ನಿಂತವನಿಗೆ ಸಂಬಳ ಇಲ್ಲ."

ಮೊನ್ನೆಯಾದರೆ ಈ ಮಾತು ಅವನಿಗೆ ಜೇನಿನಂತೆ ಕೇಳುತ್ತಿತ್ತು. ಈಗ ಪೆನ್ನು ನಿಂತಿತು. ತನ್ನ ಗ್ಯಾಂಗಿನಲ್ಲಿ ಬಾವುಟದ ಇಬ್ಬರೂ ಸೇರಿ ನೂರಿಪ್ಪತ್ತರಂತೆ ಹತ್ತು ಜನ, ಸಾವಿರದ ಇನ್ನೂರು. ನೂರೈವತ್ತರಂತೆ ಎಂಟು ಜನ, ಅದೂ ಸಾವಿರದ ಇನ್ನೂರು. ಒಂದು ರೂಪಾಯಿ ಆಚೆ ಇಲ್ಲ, ಈಚೆ ಇಲ್ಲ.

"ಹಾಗಾದರೆ ರೈಲು ಬರುವುದನ್ನು ಯಾರು ನೋಡುವುದು ಹನೀಫಾಕ?"

"ನೀನೇ ನೋಡು ಮಾರಾಯ. ಆಗಾಗ ತಿರುಗಿ ನೋಡಿದರೆ ಆಯ್ತು. ನಿನಗೆ ಕಣ್ಣಿಲ್ಲವಾ?" ಹನೀಫಾ ನಕ್ಕ. ಕೆಟ್ಟ ಮನುಷ್ಯನ ನಗುವಲ್ಲ ಅದು. ಅವನು ನಿಜವಾಗಿಯೂ ಹಾಗೆಯೇ ನಂಬಿದ್ದ.

ಕಣ್ಣಿತ್ತು, ಕಿವಿಯೂ ಇತ್ತು. ಮೊನ್ನೆ ಎರಡೂ ಜಲ್ಲಿಯ ಸದ್ದಿನಲ್ಲಿ ಮುಳುಗಿ ಹೋಗಿದ್ದವು. ಇರ್ಷಾದನಿಗೆ ಭಯವಾಯಿತು, ರೈಲು ಎದುರು ಬಂದಾಗ ಆದದ್ದಕ್ಕಿಂತ ಹೆಚ್ಚಿನ ಭಯ. ಅವನು ಪೆನ್ನಿಗೆ ಮುಚ್ಚಳ ಹಾಕಿ ಫಾರಮ್ಮಿನ ಮೇಲಿಟ್ಟು, ಚಹಾದ ದುಡ್ಡು ತಾನೇ ಕೊಟ್ಟು ಬಸ್ಸು ಹತ್ತಿದ.

ಮನೆ ತಲುಪುವಾಗ ಆಫ್ರಾ ಮೊಬೈಲ್ ಕಿವಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅವನು ಸಹಿ ಹಾಕದೆ ಎದ್ದು ಹೋದದ್ದನ್ನು ಹನೀಫಾ ಆಗಲೇ ಯಾರಿಗೋ ಹೇಳಿದ್ದ, ಅವರು ದಮ್ಮಾಮಿಗೂ ಮುಟ್ಟಿಸಿದ್ದರು. ನಮ್ಮ ಕಡೆ ಸುದ್ದಿಗೆ ಟಿಕೆಟೂ ಬೇಡ, ವೀಸಾವೂ ಬೇಡ. ಅವಳು ಫೋನು ದಾಟಿಸಿ, ಗಂಡನ ಹೆಗಲು ನೋಡಿದಳು. ಎರಡು ದಿನದಿಂದ ಅಲ್ಲಿ ಬೈರಾಸು ಇರಲಿಲ್ಲ.

ಫಾಝಿಲ್ ಬಾವ ಬೈಯಲಿಲ್ಲ, ಲೆಕ್ಕ ಕೇಳಿದ. ಇರ್ಷಾದ್ ಹೇಳಿದ: ಈಗಿರುವ ಏಜೆನ್ಸಿಯಲ್ಲೇ ಮೂರು ಸಾವಿರ, ಭಾನುವಾರ ಬಿ.ಸಿ.ರೋಡಿನಲ್ಲಿ ಲಾರಿ ಇಳಿಸಿದರೆ ಇನ್ನೂ ಐನೂರು. ವಾರಕ್ಕೆ ಒಂದು ದಿನವೂ ರಜೆಯಿಲ್ಲ, ಆದರೆ ಮಗು ಹುಟ್ಟುವಾಗ ಊರಲ್ಲಿರುತ್ತೇನೆ.

ಬಾವ ಕೇಳಿದ: "ಭಾನುವಾರವೂ ಬೆನ್ನು ಮುರಿದುಕೊಳ್ತೀಯಾ? ಕೈಗೆ ಬಂದ ಮೂವತ್ತು ರೂಪಾಯಿಯನ್ನು ದಿನಾ ಯಾರಿಗೆ ಬಿಟ್ಟುಕೊಡುವುದು ನೀನು?"

ಇರ್ಷಾದ್ ಬರಿ ಹೆಗಲನ್ನು ಒಮ್ಮೆ ಸವರಿಕೊಂಡ.

"ನಾನು ಬಗ್ಗಿರುವಾಗ ಸುಮ್ಮನೆ ನಿಲ್ಲುವವನಿಗೆ ಬಾವ."