ಗಾಳಿಯಿಲ್ಲದೆ ಮುಚ್ಚುವ ಚಪ್ಪರ

ಮೂರನೆಯ ಸಲವೂ ಚಪ್ಪರ ತಾನಾಗಿಯೇ ಮಡಚಿಕೊಂಡಿತು. ಏಣಿಯ ಮೇಲಿದ್ದ ಮೆಕ್ಯಾನಿಕ್ ತಲೆ ತಗ್ಗಿಸದಿದ್ದರೆ ಅದರ ಕಬ್ಬಿಣದ ತೋಳು ಹಣೆಗೇ ಬಡಿಯುತ್ತಿತ್ತು. ಸುತ್ತ ಒಂದು ಹುಲ್ಲುಕಡ್ಡಿಯೂ ಅಲ್ಲಾಡುತ್ತಿರಲಿಲ್ಲ. ಕೆರೆಯ ನೀರು ತಟ್ಟೆಯಲ್ಲಿಟ್ಟಂತೆ ನಿಂತಿತ್ತು.

"ನೋಡಿದ್ಯೇನಪ್ಪ?" ಎಂದಳು ಕೆಳಗೆ ಕುರ್ಚಿಯಲ್ಲಿ ಕೂತಿದ್ದ ಹೆಂಗಸು. "ನಾನು ಒಳಗಿರೋ ನಮ್ಮ ಯಜಮಾನ್ರ ಹತ್ರ ನಾಲ್ಕು ಮಾತಾಡೋಣ ಅಂತ ಬಾಯಿ ಬಿಟ್ರೆ ಸಾಕು, ಇದು ಮುಚ್ಕೊಳ್ಳತ್ತೆ. ನನ್ನ ಮಾತು ಇವರಿಗಂತೂ ಸಾಕಾಗಿತ್ತು, ಈಗ ಇವರ ಚಪ್ಪರಕ್ಕೂ ಸಾಕಾಯ್ತು!"

ನಗಿಸಲೆಂದೇ ಆಡಿದ ಮಾತು. ಆದರೆ ಇಬ್ಬರಿಗೂ ನಗು ಬರಲಿಲ್ಲ.

ಅದೊಂದು ಮನೆಗಾಡಿ. ಹಳೆಯ ಬಸ್ಸಿನ ಸೀಟುಗಳನ್ನು ಕಿತ್ತು, ಒಲೆ, ಕಪಾಟು, ಮಂಚ ಕೂರಿಸಿ ಅವಳ ಗಂಡನೇ ಕಟ್ಟಿದ್ದು. ಪಕ್ಕದಲ್ಲಿ ಮೋಟಾರಿನ ಚಪ್ಪರ. ಗುಂಡಿ ಒತ್ತಿದರೆ ಬಟ್ಟೆ ಹರಡಿಕೊಂಡು ನೆರಳಾಗುತ್ತದೆ. ಗಾಳಿ ಬಂದು ತೋಳು ಅಲುಗಿದರೆ ತುದಿಯಲ್ಲಿರುವ ಬೆಂಕಿಪೊಟ್ಟಣದಷ್ಟು ಸೆನ್ಸರ್ ಅದನ್ನು ಗುರುತಿಸಿ, ಬಟ್ಟೆ ಹರಿಯುವ ಮೊದಲೇ ಮಡಚಿಸಿಬಿಡುತ್ತದೆ. ಈಗ ಮಾತ್ರ ಅದು ಬೀಸದ ಗಾಳಿಗೆ ಹೆದರುತ್ತಿತ್ತು.

ಮೆಕ್ಯಾನಿಕ್ ವೈರುಗಳನ್ನೆಲ್ಲ ಎಳೆದು ನೋಡಿದ. ಮೋಟಾರು ಬಿಚ್ಚಿದ, ಒರೆಸಿದ, ಮತ್ತೆ ಕೂರಿಸಿದ. ಎಲ್ಲ ನೆಟ್ಟಗಿತ್ತು. ದೋಷ ಸಿಗದೆ ಕೆಲಸ ಬಿಟ್ಟು ಹೋಗುವ ಜಾತಿ ಅವನದಲ್ಲ. ಸ್ವಿಚ್ಚು ನೋಡಲು ಒಳಗೆ ಹೋದ.

ಕಿಟಕಿಯ ಪಕ್ಕದ ಮಂಚದಲ್ಲಿ ಗಂಡ ಮಲಗಿದ್ದ. ಕಣ್ಣು ತೆರೆದೇ ಇತ್ತು, ನೋಟ ಮಾತ್ರ ಎಲ್ಲೂ ಇರಲಿಲ್ಲ. ತಲೆದೆಸೆಯಲ್ಲಿ ಉಸಿರಿನ ಯಂತ್ರ ಬುಸ್ಸೆಂದು ಎಳೆದು ಬುಸ್ಸೆಂದು ಬಿಡುತ್ತಿತ್ತು. ಅದರ ಸದ್ದಿನಲ್ಲಿ ಪಕ್ಕದಲ್ಲಿ ಕೆಮ್ಮಿದರೂ ಕೇಳುವಂತಿರಲಿಲ್ಲ. ಪಾದದ ಮೇಲಿನ ಹೊದಿಕೆ ಜಾರಿತ್ತು. ಮೆಕ್ಯಾನಿಕ್ ಅದನ್ನು ಎಳೆದು ಸರಿಮಾಡಿದ.

"ಆರು ತಿಂಗಳಾಯ್ತು," ಎಂದಳು ಅವಳು, ಬಾಗಿಲಲ್ಲಿ ನಿಂತು. "ತಲೆ ಒಳಗೆ ಏನೂ ಉಳಿದಿಲ್ಲ ಅಂತಾರೆ ಡಾಕ್ಟರು. ನಾಳೆ ಹತ್ತು ಗಂಟೆಗೆ ಆಸ್ಪತ್ರೆಗೆ ಕರ್ಕೊಂಡು ಹೋಗಿ ಈ ಯಂತ್ರ ನಿಲ್ಲಿಸ್ತಾರೆ. ನಾನೇ ಸಹಿ ಹಾಕಿದ್ದೀನಿ."

ಮೆಕ್ಯಾನಿಕ್ ಕೈಯಲ್ಲಿದ್ದ ಸ್ಪ್ಯಾನರನ್ನು ಸುಮ್ಮನೆ ತಿರುಗಿಸಿದ.

"ಕೈ ಹಿಡ್ಕೊಂಡು ಕೂತೆ. ರೆಪ್ಪೆ ನೋಡ್ತಾ ಕೂತೆ. ಒಂದು ಬೆರಳು ಅಲ್ಲಾಡಿದ್ರೂ ಸಾಕು, ಈಗಲೂ ಫೋನ್ ಮಾಡಿ ಬೇಡ ಅಂದ್ಬಿಡ್ತೀನಿ. ಎಲ್ಲಿ ಅಲ್ಲಾಡತ್ತೆ? ಅದಕ್ಕೇ ಇಲ್ಲಿಗೆ ಕರ್ಕೊಂಡು ಬಂದೆ. ಇದು ಇವರ ಇಷ್ಟದ ಜಾಗ. ಒಂದು ಸಂಜೆ ಚಪ್ಪರದ ಕೆಳಗೆ ಕೂತು, ಕಿಟಕಿಯಿಂದ ಮಾತಾಡಿ, ಹೋಗಿ ಬನ್ನಿ ಅಂತ ಹೇಳ್ಬೇಕು. ಅಷ್ಟಾದ್ರೂ ನೆಟ್ಟಗೆ ಆಗ್ಲಿ."

ಮಂಚದ ಕಾಲ್ದೆಸೆಯಲ್ಲಿ ಹೆಬ್ಬೆರಳ ಗಾತ್ರದ ಬೋಲ್ಟೊಂದು ಗೋಡೆಯನ್ನು ತೂರಿಕೊಂಡು ಹೊರಗೆ ಹೋಗಿತ್ತು. "ಇದೇನಮ್ಮ ಇದು?"

"ಮಂಚದ ಕಂಬಿಗೂ ಚಪ್ಪರದ ತೋಳಿಗೂ ಒಂದೇ ಬೋಲ್ಟು. ಮಹಾ ಜಿಪುಣ, ನನ್ನ ಗಂಡ." ಅಷ್ಟು ಹೇಳಿ ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಮೆಕ್ಯಾನಿಕ್ ಬೋಲ್ಟನ್ನು ಇನ್ನೆರಡು ಸುತ್ತು ಬಿಗಿ ಮಾಡಿ ಹೊರಗೆ ಬಂದ. ಇನ್ನು ಉಳಿದದ್ದು ಸೆನ್ಸರ್ ಒಂದೇ. ಬದಲಿ ತರಿಸಲು ವಾರ ಬೇಕು. ಅವಳ ಹತ್ತಿರ ಇರುವುದು ಒಂದು ಸಂಜೆ. ನೆಗಡಿ ಬಂತೆಂದು ಮೂಗು ಕೊಯ್ದ ಹಾಗಾಗುತ್ತದೆ ಎಂದು ಗೊತ್ತಿದ್ದೂ ಎರಡು ವೈರು ಕತ್ತರಿಸಿ, ಸೆನ್ಸರನ್ನೇ ಬಿಚ್ಚಿ ಜೇಬಿಗೆ ಹಾಕಿಕೊಂಡ.

"ಇನ್ನು ಭೂಮಿ ನಡುಗಿದ್ರೂ ಇದು ಮುಚ್ಚಲ್ಲಮ್ಮ. ಮಾತಾಡಿ ನೋಡಿ."

ಚಪ್ಪರ ಹರಡಿಕೊಂಡಿತು. ಅವಳು ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡಳು.

"ರೀ, ಕೇಳಿಸ್ತಾ ಇದ್ಯಾ? ನೀರು ನೋಡಿ, ಹೇಗೆ ಹೊಳೀತಾ ಇದೆ. ಕೇಳಿಸ್ತಾ ಇದ್ರೆ ಏನಾದ್ರೂ ಮಾಡ್ರೀ. ಏನಾದ್ರೂ."

ಇಬ್ಬರೂ ಮೇಲೆ ನೋಡಿದರು. ಚಪ್ಪರ ಕದಲಲಿಲ್ಲ. ಅವಳು ಮೆಕ್ಯಾನಿಕ್ ಕಡೆ ತಿರುಗಿ ಕೈಮುಗಿದಳು. ಆಮೇಲೆ ಕಿಟಕಿಗೆ ಹಣೆ ಆನಿಸಿ ಅಳತೊಡಗಿದಳು. ಅವನು ಏಣಿ ಮಡಚಿಕೊಂಡು ಸದ್ದಿಲ್ಲದೆ ಹೊರಟ. ಕೆಲಸವೇನೋ ಆಗಿತ್ತು, ಆದರೆ ದಾರಿಯುದ್ದಕ್ಕೂ ಮನಸ್ಸು ಭಾರವಾಗಿತ್ತು.

ಮರುದಿನ ಮಧ್ಯಾಹ್ನ ಅಂಗಡಿಯಲ್ಲಿ ಆ ಸೆನ್ಸರನ್ನು ಬ್ಯಾಟರಿಗೂ ಒಂದು ಪುಟ್ಟ ದೀಪಕ್ಕೂ ಜೋಡಿಸಿದ. ಎಲ್ಲಿ ಕೆಟ್ಟಿದೆ ಎಂದು ತಿಳಿಯುವ ಹಠ. ಮೇಜನ್ನು ಬೆರಳಿನಿಂದ ತಟ್ಟಿದ, ದೀಪ ಹತ್ತಿತು. ಕೈ ತೆಗೆದು ಕಾದ. ಐದು ನಿಮಿಷ, ಹತ್ತು ನಿಮಿಷ. ದೀಪ ಹತ್ತಲಿಲ್ಲ. ಮತ್ತೆ ತಟ್ಟಿದ, ಹತ್ತಿತು. ಸೆನ್ಸರ್ ಹೊಸದರಷ್ಟೇ ಚೆನ್ನಾಗಿತ್ತು. ಅಲುಗಿಸದೆ ಅದು ಒಂದು ಸಲವೂ ಅಲುಗಿತೆಂದು ಹೇಳಲಿಲ್ಲ.

ಅಷ್ಟರಲ್ಲಿ ಫೋನ್ ಬಂತು. ಅವಳೇ.

"ಹತ್ತು ಗಂಟೆಗೆ ಎಲ್ಲ ಮುಗೀತಪ್ಪ. ನಿನ್ನ ಹೊಟ್ಟೆ ತಣ್ಣಗಿರಲಿ, ಚಪ್ಪರ ಬೆಳಗಿನವರೆಗೂ ಹಾಗೇ ಇತ್ತು. ಮನಸಾರೆ ಮಾತಾಡಿದೆ."

"ಅಮ್ಮಾ..." ಎಂದ ಮೆಕ್ಯಾನಿಕ್.

"ಒಂದೇ ಒಂದು ಸಂಕಟ ನೋಡು. ಎಲ್ಲ ಮುಗಿದ ಮೇಲೆ ಮೈ ಒರೆಸುವಾಗ ನರ್ಸ್ ನನ್ನನ್ನ ಬೈದ್ಲು. ಹಿಮ್ಮಡಿ ಒಡೆದು ರಕ್ತ ಬಂದಿದೆ, ರಾತ್ರಿಯೆಲ್ಲ ಮಂಚದ ಕಂಬಿಗೆ ಬಡಿದಿದ್ದಾರೆ, ನೋಡ್ಕೋಬಾರ್ದಾ ಅಂತ. ನೀನೇ ಹೇಳಪ್ಪ, ಅಲ್ಲಾಡೋಕೇ ಆಗದವರು ಕಾಲು ಹೇಗೆ ಬಡೀತಾರೆ?"