ನಾನೂರು ಕೋಟಿ ವರ್ಷದ ಹೆಪ್ಪು

ತನ್ನ ಮನೆಯ ಹೆಪ್ಪಿಗೆ ನಾನೂರು ಕೋಟಿ ವರ್ಷವಾಯಿತೆಂದೂ, ಭೂಮಿ ಇನ್ನೂ ಕುದಿಯುತ್ತಿದ್ದಾಗ ತನ್ನ ಮುತ್ತಜ್ಜ ಅದನ್ನು ಸೌಟಿನಲ್ಲಿ ಎತ್ತಿಕೊಂಡನೆಂದೂ ಬಸೆಟ್ಟೆಪ್ಪ ಊರಿಗೆಲ್ಲ ಹೇಳುತ್ತಿದ್ದ. ಯಾರೂ ನಗುತ್ತಿರಲಿಲ್ಲ. ವೈರಸ್ಸುಗಳು ಲೋಕದ ಬ್ಯಾಕ್ಟೀರಿಯಾಗಳನ್ನೆಲ್ಲ ತಿಂದು ಮುಗಿಸಿದಂದಿನಿಂದ ಹಿಟ್ಟು ಹುಳಿಯುತ್ತಿರಲಿಲ್ಲ, ಸತ್ತವರು ಕೊಳೆಯುತ್ತಿರಲಿಲ್ಲ. ಜನಕ್ಕೆ ನಗುವುದೂ ಮರೆತುಹೋಗಿತ್ತು. ವೈರಸ್ಸು ಮುಟ್ಟದ ಆರ್ಕಿಯಾ ಎಂಬ ಹಳೆಯ ಜೀವಿಗಳ ಹೆಪ್ಪು ಮಾತ್ರ ಒಂದೆರಡು ಮನೆಗಳ ಗಡಿಗೆಯಲ್ಲಿ ಉಳಿದಿತ್ತು. ಹುಟ್ಟಿದ ಐದು ದಿನದೊಳಗೆ ಅದರ ಹನಿ ನೆಕ್ಕಿಸದಿದ್ದರೆ ಕೂಸಿಗೆ ಎದೆಹಾಲು ಅರಗುತ್ತಿರಲಿಲ್ಲ, ಕೂಸು ಉಳಿಯುತ್ತಿರಲಿಲ್ಲ.

ಮೂರು ವರ್ಷದ ಮೇಲೆ ಊರಲ್ಲಿ ಹುಟ್ಟಿದ ಮೊದಲ ಕೂಸನ್ನು, ತನ್ನ ಮೊಮ್ಮಗಳನ್ನು, ಐದನೆಯ ದಿನ ಬೆಳಿಗ್ಗೆ ಫಕೀರವ್ವ ಎತ್ತಿಕೊಂಡು ಬಂದಳು.

"ಕಾಕಾ, ಒಂದು ಹನಿ ಕೊಡ್ರಿ."

"ಒಂದ್ಯಾಕ ಯವ್ವಾ? ನನ್ನ ಹೆಪ್ಪು ಹಾಕಿದ್ರ ಕೆರಿನೂ ಮೊಸರಾಗತೈತಿ!" ಎಂದು ಬಸೆಟ್ಟೆಪ್ಪ ಗಡಿಗೆ ಮುಂದಿಟ್ಟ.

ಫಕೀರವ್ವ ಮೊದಲು ತಾನೇ ಬೆರಳದ್ದಿ ನೆಕ್ಕಿದಳು. ನಾಲಿಗೆಯಿಂದ ಏನನ್ನೋ ತೆಗೆದು ಅಂಗೈ ಮೇಲಿಟ್ಟಳು. ನಿಂಬೆಹಣ್ಣಿನ ಬೀಜ.

"ಇದಕ್ಕೂ ನಾನೂರು ಕೋಟಿ ವರ್ಷ ಆಗೇತೇನ್ರಿ?" ಅವಳ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ.

ಬಸೆಟ್ಟೆಪ್ಪನ ಬಾಯಿಗೆ ಇನ್ನೊಂದು ಸುಳ್ಳು ಬಂದೇಬಿಟ್ಟಿತ್ತು. ಕೂಸಿನ ಒಣಗಿದ ತುಟಿ ನೋಡಿ ನುಂಗಿಕೊಂಡ.

"ನಮ್ಮದು ಸತ್ತು ಮೂರು ವರ್ಷ ಆತವ್ವ. ನಿಂಬಿಹಣ್ಣು ಹಿಂಡಿ ಹಾಲು ಒಡಸ್ತೇನಿ. ಹೆಪ್ಪಿನ ಮನಿ ಅನ್ನೋ ಹೆಸರು ಬಿಡಾಕ ಮನಸಾಗ್ಲಿಲ್ಲ. ಕೆಳಗಿನ ಓಣಿ ತಿರಕವ್ವನ ಮನಿಗೆ ಓಡು. ಅಕೀ ಹೆಪ್ಪು ಸತ್ತೈತಿ ಅಂತ ಊರೆಲ್ಲ ಹಬ್ಬಿಸಿದಾಂವ ನಾನ. ಅದು ಜೀವಂತ ಐತಿ."