ಒಂದು ಸೀಟಿನ ಕಾರು

ನಮ್ಮ ನಗರದಲ್ಲಿ ಮನೆಯಲ್ಲಿ ಎಷ್ಟು ಜನವೋ ಕಾರಿಗೆ ಅಷ್ಟೇ ಸೀಟು. ಯಾರಾದರೂ ಸತ್ತರೆ, ಒಂದು ಸೀಟು ತೆಗೆಯಲು ವೈಕುಂಠ ಸಮಾರಾಧನೆ ಮುಗಿಯುವವರೆಗೆ ಮಾತ್ರ ತಡೆಯುತ್ತಾರೆ. ನನ್ನ ಗಂಡ ಸುಧನ್ವನದು ನಿನ್ನೆ ಮುಗಿಯಿತು. ಈ ಬೆಳಿಗ್ಗೆ ಗ್ಯಾರೇಜಿನ ಮಸ್ತಾನ್ ಸಾಬ್ರು ಬಂದು ನಮ್ಮ ಕಾರನ್ನು ಉದ್ದಕ್ಕೆ ಕೊಯ್ದು, ಎಡಭಾಗ ತೆಗೆದು, ಬೆಸುಗೆ ಹಾಕಿದರು.

ಎಡಗಡೆಯದು ನನ್ನ ಸೀಟು.

"ಸ್ಟೇರಿಂಗ್ ಇರೋ ಕಡೇನೇ ಉಳಿಸ್ಬೇಕಲ್ಲಮ್ಮ," ಎಂದರು. "ಇನ್ಮೇಲೆ ನೋಡಿ, ಎಂಥಾ ಸಂದೀಲೂ ನುಗ್ಗುತ್ತೆ. ಮೆಟ್ಟಿಲ ಕೆಳಗೇ ನಿಲ್ಲಿಸ್ಬೋದು."

ಕೊಯ್ದ ಕಾರು ಹೊಸ ಕಾರಿನ ಲೆಕ್ಕ, ಪೂಜೆಯಾಗಬೇಕು. ಎದುರುಮನೆಯ ಗಿರಿಜಮ್ಮ ಆರತಿ ತಟ್ಟೆ, ನಿಂಬೆಹಣ್ಣು ಹಿಡಿದು ಬಂದರು.

"ಮುತ್ತೈದೆ ಕೈಲೇ ಆಗ್ಬೇಕು ಕಣೇ, ತಪ್ಪು ತಿಳ್ಕೋಬೇಡ. ಸ್ವಲ್ಪ ಆ ಕಡೆ ನಿಂತ್ಕೋ."

ನಿಂತೆ.

"ಎಷ್ಟು ಮುದ್ದಾಗಿದೆ! ನಮ್ಮನೇದು ಐದು ಸೀಟಿಂದು, ಬಸ್ಸಿನ ಥರ. ನಿಲ್ಲಿಸೋಕೇ ಜಾಗ ಸಿಗಲ್ಲ. ನಿನ್ನ ಅದೃಷ್ಟ..." ಅಲ್ಲಿಗೆ ನಾಲಿಗೆ ಕಚ್ಚಿಕೊಂಡರು.

ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಲು ಒಳಗೆ ಕೂತೆ. ಬ್ರೇಕಿಗೆ ಕಾಲು ಎಟುಕಲಿಲ್ಲ. ಸುಧನ್ವ ಕೊನೆಯ ಸಲ ಕಾಲು ಚಾಚಿ ಕೂತಿದ್ದಷ್ಟೇ ಹಿಂದಕ್ಕಿತ್ತು ಸೀಟು.

"ಮುಂದಕ್ಕೆ ಎಳೀಲಾ ಅಮ್ಮ?" ಮಸ್ತಾನ್ ಸಾಬ್ರು ಬಗ್ಗಿದರು.

"ಬೇಡ. ಹಾಗೇ ಇರ್ಲಿ. ಬೆನ್ನಿಗೆ ದಿಂಬು ಇಟ್ಕೋತೀನಿ."

"ದಿಂಬು ಜಾರಿದ್ರೆ ಜೀವ ಹೋಗುತ್ತೆ."

ಅವರೇ ಲಿವರ್ ಎತ್ತಿ ತಳ್ಳಿದರು. ಸೀಟು ಟಕ್ಕೆಂದು ಮುಂದೆ ಬಂದು ನಿಂತಿತು. ಸುಧನ್ವ ಬಿಟ್ಟುಹೋಗಿದ್ದ ಅಷ್ಟು ಜಾಗ ನನ್ನ ಬೆನ್ನ ಹಿಂದೆ ಖಾಲಿಯಾಗಿ ಉಳಿಯಿತು.

ಮಸ್ತಾನ್ ಸಾಬ್ರು ಅಲ್ಲಿ ಇಣುಕಿ ನೋಡಿ ನಕ್ಕರು.

"ನೋಡಿ, ತರಕಾರಿ ಚೀಲಕ್ಕೂ ಜಾಗ ಆಯ್ತು."